ಡಾಕ್ಟ್ರಪ್ಪನ ಕಡೆಯವನು

ಆ ದನಿ ಕಿವಿಗೆ ಬಿದ್ದದ್ದೇ ಹೇಮಶ್ರೀ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಅವಸರ ಇಲ್ಲ. ನಾನಿಲ್ಲೇ ಇದೀನಿ."

ಅದೇ ದನಿ... ನಿನ್ನೆ ಸತ್ತುಹೋದ ಮನುಷ್ಯನ ದನಿ!

ತುಮಕೂರಿನ ಸದಾಶಿವನಗರದಲ್ಲಿ ಒಂದು ಮನೆಯ ಮಹಡಿ ಅದು. ಕೆಳಗೆ ಓನರ್ ಸಂಸಾರ, ಮೇಲೆ ಡಬ್ಬಿಂಗ್ ಸ್ಟುಡಿಯೋ. ಬಾಗಿಲು ಅರ್ಧ ತೆರೆದಿತ್ತು. ಒಳಗೊಂದು ಗಾಜಿನ ಕೋಣೆ. ಅದರೊಳಗೆ ಬಾಗಿಲಿಗೆ ಬೆನ್ನು ಮಾಡಿ ಒಬ್ಬ ಯುವಕ ಮೈಕಿನ ಮುಂದೆ ನಿಂತಿದ್ದ. ಅವನೆದುರಿನ ಟಿವಿಯಲ್ಲಿ ಬಿಳಿಗೂದಲ ಅಮೆರಿಕದ ಮುದುಕ. ತುಟಿ ಅಲ್ಲಾಡುತ್ತಿದ್ದದ್ದು ಆ ಮುದುಕನದು. ಮಾತು ಬರುತ್ತಿದ್ದದ್ದು ಈ ಯುವಕನ ಗಂಟಲಿಂದ.



ಆ ಮುದುಕ ಆರ್ಲೊ ಹ್ಯಾಡ್ಲಿ. ಅಮೆರಿಕದ ಟಿವಿ ನಟ. ಒಂದೇ ಸೀರಿಯಲ್ಲಿನಲ್ಲಿ ಹದಿನಾಲ್ಕು ವರ್ಷ ಬೆಟ್ಟದ ಊರೊಂದರ ಡಾಕ್ಟರಾಗಿ ನಟಿಸಿದವನು. ಆ ಸೀರಿಯಲ್ಲು ಕನ್ನಡಕ್ಕೆ ಡಬ್ ಆಗಿ ದಿನಾ ಮಧ್ಯಾಹ್ನ ಟಿವಿಯಲ್ಲಿ ಬರುತ್ತಿತ್ತು. ಆದರೆ ಗುಬ್ಬಿ ಹತ್ತಿರದ ಕಡಬದ ಹೇಮಶ್ರೀ ಮನೆಯಲ್ಲಿ ಅವನನ್ನು ಯಾರೂ ನಟ ಅಂದುಕೊಂಡಿರಲಿಲ್ಲ. ಅವನು ಡಾಕ್ಟ್ರಪ್ಪ.

ಹೆಸರಿಟ್ಟವಳು ಅಜ್ಜಿ ರೇವಮ್ಮ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಒಂದಿಡೀ ಮಳೆಗಾಲ ಮಂಚ ಹಿಡಿದಿದ್ದಳು. ಮನೆಯವರೆಲ್ಲ ತೆಂಗಿನ ತೋಟಕ್ಕೆ ಹೋದ ಮೇಲೆ ಅವಳಿಗೆ ಜೊತೆ ಅಂತ ಇದ್ದದ್ದು ಟಿವಿ ಒಂದೇ. ಮಧ್ಯಾಹ್ನ ಡಾಕ್ಟ್ರಪ್ಪ ಬರೋನು. ನರಳುತ್ತಿರುವ ರೋಗಿಯ ಪಕ್ಕಕ್ಕೆ ಕುರ್ಚಿ ಎಳೆದು ಕೂತು, ಅವಸರ ಇಲ್ಲ, ನಾನಿಲ್ಲೇ ಇದೀನಿ ಅನ್ನೋನು. ಅಜ್ಜಿ ಮಂಚದಿಂದಲೇ ಹೂಂಗುಟ್ಟೋಳು. ಬದುಕಲ್ಲ ಅಂದುಕೊಂಡಿದ್ದ ಮುದುಕಿ ದೀಪಾವಳಿ ಹೊತ್ತಿಗೆ ಗೋಡೆ ಹಿಡಿದು ನಡೆದಳು. ಎಬ್ಬಿಸಿದವನು ಯಾರು ಅಂತ ಕೇಳಿದರೆ ಊರಿನ ಮೂಳೆ ಡಾಕ್ಟರ ಹೆಸರು ಹೇಳಲೇ ಇಲ್ಲ. ಟಿವಿ ಕಡೆ ಕೈ ತೋರಿಸಿದಳು.

ನಿನ್ನೆ ಡಾಕ್ಟ್ರಪ್ಪ ಸತ್ತ ಸುದ್ದಿ ಕೇಳಿ ಅಜ್ಜಿ ಒಲೆ ಹಚ್ಚಲಿಲ್ಲ. ಸಂಜೆ ಎದ್ದು ಕೂತು ಒಂದೇ ಮಾತು ಹೇಳಿದಳು.

"ತಿಥಿ ಮಾಡ್ಬೇಕು ಕಣೇ. ಅವ್ರ ದೇಸ್ದಲ್ಲಿ ಎಡೆ ಇಡೋರು ಯಾರವ್ರೆ? ಜೀವ ಹಸ್ಕೊಂಡು ಹೋಗ್ಬುಡ್ತದೆ."

ತಿಥಿಗೆ ಎರಡು ಬೇಕು. ಸತ್ತವನಿಗೆ ಇಷ್ಟವಾದ ಊಟ ಏನು ಅಂತ ಗೊತ್ತಿರಬೇಕು. ಎಡೆ ಮೇಲೆ ಮೊದಲ ತುತ್ತು ಇಡೋಕೆ ಅವನ ಕಡೆಯವರು ಒಬ್ಬರಾದರೂ ಇರಬೇಕು. ಹೇಮಶ್ರೀಯ ಅಪ್ಪ ನಾಗೇಶ್, ಅಮೆರಿಕದ ನೆಂಟರು ಯಾವ ಬಸ್ಸಿಗೆ ಬತ್ತರಂತೆ, ಗುಬ್ಬೀಲಿ ಇಳಿಸ್ಕೊಂಡು ಬರ್ಲಾ ಅಂತ ಕಿಚಾಯಿಸಿದ. ಅಜ್ಜಿ ನಗಲಿಲ್ಲ. ಆಗಲೇ ಹೇಮಶ್ರೀಗೆ ಹೊಳೆದದ್ದು... ಸೀರಿಯಲ್ ಮುಗಿದ ಮೇಲೆ ತುಮಕೂರಿನ ಒಂದು ಸ್ಟುಡಿಯೋ ಹೆಸರು ಬರುತ್ತಿತ್ತಲ್ಲ. ಡಾಕ್ಟ್ರಪ್ಪನಿಗೆ ದನಿ ಕೊಟ್ಟವನಿಗಿಂತ ಹತ್ತಿರದ ನೆಂಟ ಇನ್ಯಾರಿದ್ದಾನು?

ಹಾಗೆ ಬಂದಿದ್ದಳು.

ಯುವಕ ಗಾಜಿನ ಕೋಣೆಯಿಂದ ಹೊರಗೆ ಬಂದ. ಎತ್ತರದ ಆಳು. ಕಪ್ಪು ಮುಖದಲ್ಲಿ ಕಣ್ಣು ಕೆಂಪಾಗಿದ್ದವು, ಅತ್ತಿದ್ದನೇನೋ. ಅವಳನ್ನು ಕಂಡವನೇ ತಡೆದು ನಿಂತ. ಒಂದು ಗಳಿಗೆ ಇಬ್ಬರೂ ಕಣ್ಣು ಕೀಳಲಿಲ್ಲ.

ಹೇಮಶ್ರೀ ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡೋಳು. ಅಲ್ಲಿಗೆ ಬರೋರಲ್ಲಿ ಅರ್ಧ ಜನಕ್ಕೆ ಮಾತ್ರೆ ಹೆಸರು ಗೊತ್ತಿರಲ್ಲ. ಅದೇ ಬಿಳೀದು, ಅದೇ ಊಟಕ್ಕೆ ಮುಂಚೆದು ಅನ್ನುವಷ್ಟರಲ್ಲೇ ಉಳಿದ ಮಾತು ಇವಳೇ ಮುಗಿಸಿ ಮಾತ್ರೆ ಕೈಗಿಡೋಳು. ಆ ಚುರುಕಿಗೆ ಓನರ್ ಇವಳನ್ನು ಹೊಗಳಿದ್ದೂ ಉಂಟು. ಅದೇ ಅಭ್ಯಾಸ ಇಲ್ಲಿಗೂ ಬಂತು. ಅಜ್ಜಿ ಕಥೆ, ತಿಥಿ, ಎಡೆ ಎಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಬಾಯಿ ತೆರೆದ. ಬರ್ತೀರಾ ಸರ್ ಅಂದಳು. ಅವನು ತಲೆ ತಗ್ಗಿಸಿ ಮತ್ತೆ ತುಟಿ ಬಿಚ್ಚಿದ. ಆಗಲ್ವಾ, ಕೆಲಸ ಇದ್ಯಾ ಅಂದಳು. ಅವನ ಕತ್ತಿನ ನರ ಉಬ್ಬಿತು, ದವಡೆ ಬಿಗಿಯಿತು. ಯೋಚನೆ ಮಾಡಿ ಫೋನ್ ಮಾಡ್ತೀರಾ ಅಂದಳು.

ಅವನು ತಿರುಗಿ ಗಾಜಿನ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡ.

ಹೇಮಶ್ರೀಗೆ ಮುಖದ ಮೇಲೆ ಹೊಡೆದಂತಾಯಿತು. ಟಿವಿಯಲ್ಲಿ ಅಷ್ಟು ಕರುಣೆ... ಎದುರಿಗೆ ನಿಂತರೆ ಒಂದು ಮಾತಿಗೂ ಬಡತನವಾ? ಹಳ್ಳಿ ಹುಡುಗಿ ಅಂತ ಇಷ್ಟು ತಾತ್ಸಾರವಾ?

ಕಾಫಿ ಫ್ಲಾಸ್ಕ್ ಹಿಡಿದು ಮಹಡಿ ಹತ್ತಿ ಬಂದ ಸ್ಟುಡಿಯೋ ಓನರ್ ಬಸವಪ್ರಭು ಅವಳ ಕೆಂಪು ಮುಖ ನೋಡಿ ಕೂರಿಸಿದ. ಒಳಗಿರೋ ಹುಡುಗ ಗುರುಪ್ರಕಾಶ್ ಅಂತ, ಕುಣಿಗಲ್ ಕಡೆ ಹುತ್ರಿದುರ್ಗದೋನು, ಇವತ್ತು ಸೀರಿಯಲ್ಲಿನ ಕಡೇ ಎಪಿಸೋಡ್ ಮುಗಿಸಿದ ಅಂದ. ಯಾಕೆ ಮಾತಾಡಲಿಲ್ಲ ಅಂತ ಅವಳು ಕೇಳಿದ್ದಕ್ಕೆ, ಅದು ಅವನೇ ಹೇಳಬೇಕಾದ್ದು ಅಂತ ಅವಳ ನಂಬರ್ ಮಾತ್ರ ಇಸಿದುಕೊಂಡ.

ಮಾರನೇ ದಿನ ಮೆಡಿಕಲ್ ಸ್ಟೋರಿನಲ್ಲಿ ಅವಳ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಕಿವಿಗಿಟ್ಟುಕೊಂಡಳು.

"ಹೇಮಶ್ರೀಯವರೇ, ನಾನು ಆರ್ಲೊ ಹ್ಯಾಡ್ಲಿ. ನಂಗೇನು ಇಷ್ಟ ಅಂತ ಕೇಳಿದ್ರಂತೆ. ಮುಸುಕಿನ ಜೋಳ. ಬೇಯ್ಸಿ, ಬೆಣ್ಣೆ ಸವರಿ, ಮೇಲೆ ಒಂಚೂರು ಉಪ್ಪು."

ಹೇಮಶ್ರೀ ಕೌಂಟರ್ ಹಿಡಿದುಕೊಂಡಳು. ಸತ್ತವನು ಎದ್ದು ಬಂದು ತನ್ನ ಹೆಸರು ಹಿಡಿದು ಕರೆದ ಹಾಗಿತ್ತು!

ಆಮೇಲೆ ದಿನಾ ಬರತೊಡಗಿದವು. ಡಾಕ್ಟ್ರಪ್ಪ ತನ್ನ ಕಥೆ ತಾನೇ ಹೇಳುತ್ತಿದ್ದ. ಜೋಳ ಬೆಳೆಯೋ ಒಂದು ಸೀಮೆ, ಅಪ್ಪ ಹಾಲಿನ ವ್ಯಾನ್ ಓಡಿಸೋನು. ಶಾಲೆಯಲ್ಲಿ ಯಾರ ಜೊತೆಗೂ ಸೇರದ ಹುಡುಗ. ಬೆಳಗ್ಗೆ ಹಸು ಕರೆಯುವಾಗ ಮಾತ್ರ ರೇಡಿಯೋದಲ್ಲಿ ಹವಾಮಾನ ಓದೋನ ದನಿ ತೆಗೆದು ಹಸುಗಳಿಗೇ ಮಳೆ ಬಿಸಿಲಿನ ಸುದ್ದಿ ಓದಿ ಹೇಳೋನು. ಪಟ್ಟಣಕ್ಕೆ ಹೋಗಿ ಟಿವಿಯಲ್ಲಿ ಚಾನ್ಸ್ ಕೇಳಿದ. ಸಿಕ್ಕಿದ ಪಾತ್ರ ಯಾವುದು? ಹೆಣ!

ಹೌದು. ಪೊಲೀಸ್ ಸೀರಿಯಲ್ಲುಗಳಲ್ಲಿ ಕಥೆ ಶುರುವಾಗೋಕೆ ಒಂದು ಹೆಣ ಬೇಕಲ್ಲ, ಅದು ಇವನು. ಹೊಳೆ ದಂಡೆಯಲ್ಲಿ, ಕಾರಿನ ಡಿಕ್ಕಿಯಲ್ಲಿ, ಹೋಟೆಲ್ ರೂಮಿನಲ್ಲಿ ಸತ್ತು ಬಿದ್ದಿರೋನು. ವರ್ಷಗಟ್ಟಲೆ ಅದೇ ಕೆಲಸ. ಎಷ್ಟು ಚೆನ್ನಾಗಿ ಸಾಯುತ್ತಿದ್ದ ಅಂದರೆ, ಒಮ್ಮೆ ಜಡಿಮಳೆಯಲ್ಲಿ ಇರುವೆ ಕಚ್ಚಿದರೂ ಅಲುಗಾಡದೆ ಬಿದ್ದಿದ್ದ. ಅದನ್ನು ನೋಡಿದ ಡೈರೆಕ್ಟರ್ ಒಬ್ಬ, ಇಷ್ಟು ತಾಳ್ಮೆ ಇರೋನು ಬದುಕಿದ್ದರೆ ಹೇಗಿರ್ತಾನೆ ನೋಡೋಣ ಅಂತ ಡಾಕ್ಟರ ಪಾತ್ರ ಕೊಟ್ಟ. ಆಗ ಅವನಿಗೆ ತಲೆ ನರೆತಿತ್ತು.

ಆಮೇಲೆ ಸಿನಿಮಾದವರು ಬಾಗಿಲಿಗೆ ಬಂದರು. ಹೋಗಲಿಲ್ಲ. ಊರೂರಿನಿಂದ ಕಾಯಿಲೆಯವರು ಕಾಗದ ಬರೆದರು. ಶೂಟಿಂಗ್ ಇಲ್ಲದ ದಿನ ಆಸ್ಪತ್ರೆಗಳಿಗೆ ಹೋಗಿ, ನಾನು ಡಾಕ್ಟರಲ್ಲ ಅಂತ ಮೊದಲೇ ಹೇಳಿ, ಕುರ್ಚಿ ಎಳೆದು ಕೂತು ಬರುತ್ತಿದ್ದ.

ಅಜ್ಜಿ ಸಂಜೆ ಹೊತ್ತು ಜಗಲಿ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೇಳೋಳು. ಸಕ್ಕರೆ ಹಾಕದ ಕಪ್ಪು ಕಾಫಿ ಕುಡಿಯುತ್ತಿದ್ದ ಅಂತ ಕೇಳಿ ಕಣ್ಣೀರು ಹಾಕಿದಳು. ಪಾಪ, ಎಷ್ಟು ಬಡತನವೋ ಅಂದಳು.

ಹೇಮಶ್ರೀ ಮಾತ್ರ ಒಬ್ಬಳೇ ಇದ್ದಾಗ ಮತ್ತೆ ಮತ್ತೆ ಕೇಳೋಳು. ಕಾಫ್ ಸಿರಪ್ ರ‍್ಯಾಕಿನ ಹಿಂದೆ ಊಟದ ಡಬ್ಬಿ ತೆರೆದಿಟ್ಟುಕೊಂಡು, ತುತ್ತು ಕೈಯಲ್ಲೇ ಇರುತ್ತಿತ್ತು. ಇಷ್ಟು ದೊಡ್ಡ ಬದುಕನ್ನು ಇಷ್ಟು ಪ್ರೀತಿಯಿಂದ ಹೇಳೋನು ತಾತ್ಸಾರದವನು ಹೇಗಾದಾನು... ಹೇಳ್ತಾ ಇರೋನು ಯಾರು? ಅವನಾ, ಇವನಾ?

ಒಂದು ದಿನ ತಡೆಯಲಾರದೆ, ಡಾಕ್ಟ್ರಪ್ಪನ ಕಥೆ ಆಯ್ತು, ನಿಮ್ಮ ಕಥೆ ಹೇಳಿ ಅಂತ ಟೈಪ್ ಮಾಡಿದಳು. ಅದಕ್ಕೂ ಡಾಕ್ಟ್ರಪ್ಪನ ದನಿಯೇ ಬಂತು, ಅದರಲ್ಲೇನಿದೆ ಹೇಳೋಕೆ ಅಂತ. ಅವಳು ಕಾಲ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಕಟ್ಟಾದ ಕೂಡಲೇ ಮೆಸೇಜ್ ಬಂತು. ಮತ್ತೆ ಅದೇ ದನಿ.

ಹೇಮಶ್ರೀಗೆ ಉರಿದುಹೋಯಿತು. ಫೋನ್ ಬಾಯಿಗೆ ಹಿಡಿದು ಹೇಳಿದಳು.

"ಇಷ್ಟು ದಿನ ನಾನು ಮಾತಾಡಿದ್ದು ಯಾರ ಜೊತೆ? ಸತ್ತೋರ ಗಂಟಲು ಹಾಕ್ಕೊಂಡು ಆಟ ಆಡೋದು ನಿಮಗೆ ತಮಾಷೆನಾ? ಧೈರ್ಯ ಇದ್ರೆ ನಿಮ್ಮ ಬಾಯಲ್ಲಿ ಒಂದೇ ಒಂದು ಮಾತಾಡಿ."

ಕೇಳಿಸಿಕೊಂಡ ಗುರುತು ನೀಲಿಯಾಯಿತು. ಉತ್ತರ ಬರಲಿಲ್ಲ. ಅವತ್ತೂ ಇಲ್ಲ, ಮಾರನೇ ದಿನವೂ ಇಲ್ಲ.

ತಿಥಿ ಹತ್ತಿರ ಬಂತು. ಅಜ್ಜಿ ದಿನಾ, ಅವನ ಕಡೆಯೋನು ಬತ್ತಾನೇನೇ ಅಂತ ಕೇಳೋಳು. ಹೇಮಶ್ರೀ ಮುಖ ತಿರುಗಿಸೋಳು. ಕೋಪ ಇಳಿದಿತ್ತು, ಆ ಜಾಗ ಖಾಲಿ ಇತ್ತು. ಆ ದನಿ ಇಲ್ಲದ ಮಧ್ಯಾಹ್ನ ಇಷ್ಟು ಉದ್ದ ಇರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ತಡೆಯಲಾರದೆ ಯೂಟ್ಯೂಬಿನಲ್ಲಿ ಆರ್ಲೊ ಹ್ಯಾಡ್ಲಿ ಅಂತ ಹುಡುಕಿದಳು. ಹಳೇ ವಿಡಿಯೋ ಒಂದು ಸಿಕ್ಕಿತು. ಯಾವುದೋ ಪ್ರಶಸ್ತಿ ಸಮಾರಂಭ. ಕೆಳಗೆ ಕನ್ನಡ ಅಕ್ಷರ ಬರುವ ಹಾಗೆ ಮಾಡಿಕೊಂಡಳು.

ವೇದಿಕೆ ಮೇಲೆ ಡಾಕ್ಟ್ರಪ್ಪ. ಕೋಟು ಬಿಳಿಯದಲ್ಲ, ಕರಿಯದು. ಕೈಯಲ್ಲಿ ಸ್ಟೆತಾಸ್ಕೋಪಿಲ್ಲ. ಮೈಕಿನ ಮುಂದೆ ನಿಂತು ಬಾಯಿ ತೆರೆದ.

ಮಾತು ಬರಲಿಲ್ಲ.

"ಮ... ಮ... ಮ..."

ಹೇಮಶ್ರೀ ನೆಟ್ಟಗೆ ಕೂತಳು. ಕತ್ತಿನ ನರ ಉಬ್ಬಿತ್ತು. ದವಡೆ ಬಿಗಿದಿತ್ತು. ಇದನ್ನು ಎಲ್ಲೋ ನೋಡಿದ್ದಾಳೆ... ಸದಾಶಿವನಗರದ ಮಹಡಿ ಮೇಲೆ, ತನ್ನ ಎದುರಿಗೇ!

ಸಾವಿರ ಜನರ ಸಭೆ ಉಸಿರು ಹಿಡಿದಿತ್ತು. ಮುಂದೆ ಕೂತವರು ಯಾರೋ ಪಾಪ ಅಂತ ಅವನು ಹೇಳಹೊರಟ ಹೆಸರನ್ನು ತಾವೇ ಹೇಳಿಕೊಟ್ಟರು. ಅವನು ಕೈಯೆತ್ತಿ ಬೇಡ ಅಂದ. ಕ್ಯಾಮೆರಾ ಒಬ್ಬ ಹೆಂಗಸಿನ ಕಡೆ ತಿರುಗಿತು. ಅವಳು ತುಟಿ ಅಲ್ಲಾಡಿಸಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ನೆಮ್ಮದಿಯಾಗಿ ಕೂತಿದ್ದಳು. ಕೊನೆಗೂ ಅವನ ಬಾಯಿಂದ ಅದು ಬಂತು. ಮಾರ್ಗರೆಟ್. ಅವನ ಹೆಂಡತಿ ಹೆಸರು.

ಆಮೇಲೆ ತಡೆತಡೆದು ಅವನು ಹೇಳಿದ್ದು ಇಷ್ಟು. ಪಾತ್ರ ಮಾಡುವಾಗ ನನಗೆ ತೊದಲಿಲ್ಲ, ನಾನು ನಾನಾದಾಗ ಮಾತ್ರ ತೊದಲು. ಹುಟ್ಟಿದಾಗಿನಿಂದ ಎಲ್ಲರೂ ನನ್ನ ಮಾತು ಮುಗಿಸಿಕೊಟ್ಟರು. ಇವಳೊಬ್ಬಳು ಕಾದಳು. ಅದಕ್ಕೇ ಇವಳನ್ನು ಮದುವೆಯಾದೆ.

ಸಭೆಗೆ ಸಭೆಯೇ ಎದ್ದು ನಿಂತಿತು.

ಹೇಮಶ್ರೀಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಲ್ಲ ಹೇಳಿದ ಗುರುಪ್ರಕಾಶ್ ಇದೊಂದನ್ನು ಬಿಟ್ಟಿದ್ದ. ಬರ್ತೀರಾ, ಆಗಲ್ವಾ, ಕೆಲಸ ಇದ್ಯಾ... ಅವನ ಬಾಯಿಂದ ಮಾತು ಕಿತ್ತುಕೊಂಡವಳು ತಾನು. ಸಾಲದ್ದಕ್ಕೆ ಧೈರ್ಯ ಇದ್ರೆ ಮಾತಾಡಿ ಅಂದವಳು!

ಕೌಂಟರಿಗೆ ಒಬ್ಬ ಮುದುಕ ಬಂದ. ಅದೇ ಕಣವ್ವ, ಆ... ಅಂತ ತಲೆ ಕೆರೆದುಕೊಂಡ. ಹೇಮಶ್ರೀ ಸುಮ್ಮನೆ ಕಾದಳು. ಮುದುಕ ಯೋಚಿಸಿ ಯೋಚಿಸಿ ತಾನೇ ಹೇಳಿದ. ಅವಳು ಊಹಿಸಿದ್ದ ಮಾತ್ರೆ ಅದಾಗಿರಲಿಲ್ಲ.

ಅವತ್ತೇ ರಜೆ ಹಾಕಿ ತುಮಕೂರಿಗೆ ಓಡಿದಳು. ಗಾಜಿನ ಕೋಣೆ ಖಾಲಿಯಿತ್ತು. ಹುತ್ರಿದುರ್ಗಕ್ಕೆ ಹೊರಟುಹೋದ ಅಂದ ಬಸವಪ್ರಭು. ಈಗ ಅವನೂ ಮುಚ್ಚಿಡಲಿಲ್ಲ.

ಶಾಲೆಯಲ್ಲಿ ಹಾಜರಿ ಕೂಗಿದಾಗ ಗುರುಪ್ರಕಾಶನಿಗೆ ಹಾಜರ್ ಸಾರ್ ಅನ್ನೋಕೆ ಬರುತ್ತಿರಲಿಲ್ಲ. ಕ್ಲಾಸು ನಗೋದು. ಒಂದು ದಿನ ಮೇಷ್ಟರೂ ನಕ್ಕರು. ಅವತ್ತೇ ಬ್ಯಾಗು ಬೆಂಚಿನ ಮೇಲೆ ಬಿಟ್ಟು ಎದ್ದು ಬಂದೋನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನಗೋರಿಗೇನು, ನಕ್ಕು ಮನೆಗೆ ಹೋಗಿ ಉಂಡು ಮಲಗುತ್ತಾರೆ. ಬಾಯಲ್ಲಿ ಕಲ್ಲು ಸಿಕ್ಕಿಕೊಂಡವನು ಅದನ್ನು ಕಚ್ಚಿಕೊಂಡೇ ಬದುಕಬೇಕು. ಕಳ್ಳನಿಗೆ ಸಿಗುವ ಮರ್ಯಾದೆಯೂ ಅವನಿಗೆ ಸಿಗಲ್ಲ. ಕಳ್ಳನನ್ನಾದರೂ ಪೂರ್ತಿ ಮಾತಾಡೋಕೆ ಬಿಡ್ತಾರೆ.

ಸ್ಟುಡಿಯೋಗೆ ಅವನು ವೈರಿಂಗ್ ಕೆಲಸಕ್ಕೆ ಬಂದಿದ್ದ. ಯಾರೂ ಇಲ್ಲ ಅಂದುಕೊಂಡು ಒಮ್ಮೆ ಟಿವಿಯಲ್ಲಿದ್ದ ಡಾಕ್ಟರ ಜೊತೆ ತುಟಿ ಕೂಡಿಸಿದ. ಮಾತು ತೂಬು ಎತ್ತಿದ ಕೆರೆ ನೀರಿನ ಹಾಗೆ ಹರಿಯಿತು! ಬಾಗಿಲಲ್ಲಿ ನಿಂತು ಕೇಳಿದ ಬಸವಪ್ರಭುವಿಗೆ ಮೈಯೆಲ್ಲ ಮುಳ್ಳೆದ್ದಿತ್ತಂತೆ.

"ಡಾಕ್ಟ್ರು ಹೋದ್ರಲ್ಲ, ನನ್ನ ಮಾತೂ ಅವರ ಜೊತೇಲೇ ಹೋಯ್ತು ಅಂತ ಬರ್ದು ತೋರ್ಸಿ ಹೋದ ಕಣಮ್ಮ," ಅಂದ ಬಸವಪ್ರಭು.

ಹೇಮಶ್ರೀ ಮೆಟ್ಟಿಲ ಮೇಲೇ ಕೂತು ಟೈಪ್ ಮಾಡಿದಳು. ನಾಡಿದ್ದು ತಿಥಿ. ಡಾಕ್ಟ್ರು ಬೇಡ, ನೀವು ಬನ್ನಿ. ಮಾತಾಡಿದ್ರೂ ಸರಿ, ಆಡದಿದ್ರೂ ಸರಿ. ನಾನು ನಡುವೆ ಬಾಯಿ ಹಾಕಲ್ಲ.

ಉತ್ತರ ಬರಲಿಲ್ಲ.

ತಿಥಿ ದಿನ ಕಡಬದ ಕೆರೆ ಏರಿ ಮೇಲೆ ಬಾಳೆಲೆ ಹಾಸಿದರು. ಮೊಬೈಲಿನಿಂದ ತೆಗೆಸಿದ ಡಾಕ್ಟ್ರಪ್ಪನ ಫೋಟೋಗೆ ಹಾರ, ಹಣೆಗೆ ಅಜ್ಜಿ ಎಳೆದ ವಿಭೂತಿ. ಎಲೆ ಮೇಲೆ ಬೆಣ್ಣೆ ಸವರಿದ ಜೋಳದ ತೆನೆ, ಲೋಟದಲ್ಲಿ ಸಕ್ಕರೆ ಇಲ್ಲದ ಕಪ್ಪು ಕಾಫಿ. ಇಷ್ಟಕ್ಕೇ ಕಳಿಸೋಕೆ ಮನಸ್ಸು ಬಾರದೆ ಅಜ್ಜಿ ವಡೆ, ಕಜ್ಜಾಯವನ್ನೂ ಇಟ್ಟಿದ್ದಳು.

ಬಿಸಿಲೇರಿತು. ಇನ್ನು ಯಾರೂ ಬರಲ್ಲ, ನಾನೇ ಇಡ್ತೀನಿ ಅಂತ ನಾಗೇಶ್ ಪಂಚೆ ಕಟ್ಟಿದ. ಹೇಮಶ್ರೀ ಏರಿ ಮೇಲಿನ ದಾರಿಯನ್ನೇ ನೋಡುತ್ತಿದ್ದಳು.

ದೂರದಲ್ಲಿ ಒಂದು ಬಿಳಿ ಅಂಗಿ ಕಂಡಿತು.

ಅವನೇ... ಕುಣಿಗಲ್ಲಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದು, ಉಳಿದ ದಾರಿ ನಡೆದಿದ್ದ. ಚಪ್ಪಲಿ ದೂರದಲ್ಲೇ ಬಿಟ್ಟು ಎಲೆ ಮುಂದೆ ಬಂದು ನಿಂತ.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರಪ್ಪ ನೀನು, ಡಾಕ್ಟ್ರಪ್ಪಂಗೆ ಏನಾಗ್ಬೇಕು ಅಂತ ಕೇಳಿದಳು. ಸೇರಿದ್ದ ಹೆಂಗಸರು ಸೀರಿಯಲ್ ದನಿ ಕೇಳೋಕೆ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು. ಆ ದನಿಯನ್ನು ತೆಗೆದಿದ್ದರೆ ಸಾಕಿತ್ತು. ಊರೆಲ್ಲ ಕೈ ಮುಗಿಯುತ್ತಿತ್ತು.

ಗುರುಪ್ರಕಾಶ್ ಹೇಮಶ್ರೀ ಕಡೆ ಒಮ್ಮೆ ನೋಡಿದ.

"ನಾ... ನಾ... ನಾ..."

ಒಬ್ಬಳು ಬಾಯಿಗೆ ಸೆರಗು ಹಿಡಿದಳು. ನಾಗೇಶ್ ಸಹಾಯ ಮಾಡೋಣ ಅಂತಲೇ ಬಾಯಿ ತೆರೆದ. ಹೇಮಶ್ರೀ ಅಪ್ಪನ ತೋಳು ಹಿಡಿದಳು.

"ಅಪ್ಪ, ಸುಮ್ನಿರು. ಅವರೇ ಹೇಳ್ತಾರೆ."

ಏರಿಗೆ ನೀರು ಬಡಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವನ ಹಣೆ ಬೆವರಿತು. ಕಣ್ಣು ಮುಚ್ಚಿ ತೆರೆದ. ಯಾರೂ ಕೆಮ್ಮಲಿಲ್ಲ.

"...ನಾನು ಅ... ಅವ್ರ ಕ... ಕಡೆಯೋನು, ಅಜ್ಜಿ."

ರೇವಮ್ಮ ಅವನ ಮುಖವನ್ನೇ ನೋಡಿದಳು. ಕೋಲೂರಿಕೊಂಡು ಬಂದು ಅವನ ಕೆನ್ನೆ ಮುಟ್ಟಿದಳು.

"ದನಿ ಅದೇ ಕಣೇ ಹೇಮಾ. ಬರೋ ದಾರಿ ಬ್ಯಾರೆ, ಅಷ್ಟೇಯಾ."

ಅವನು ಮಂಡಿಯೂರಿ ಎಡೆ ಮೇಲೆ ಮೊದಲ ತುತ್ತಿಟ್ಟ. ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ವಡೆ ಮುಟ್ಟಲಿಲ್ಲ, ಕಜ್ಜಾಯದ ಕಡೆ ತಿರುಗಲಿಲ್ಲ. ಜೋಳದ ಕಾಳು ಕಿತ್ತುಕೊಂಡು ಹಾರಿತು. ಹೆಂಗಸರೆಲ್ಲ ಕೈ ಮುಗಿದರು. ಎಲ್ಲರನ್ನೂ ಕಿಚಾಯಿಸುವ ನಾಗೇಶನೂ ಮುಗಿದ.

ಊಟವಾದ ಮೇಲೆ ಹೇಮಶ್ರೀ ಅವನನ್ನು ಬಸ್ಸಿಗೆ ಬಿಡಲು ಬಂದಳು. ಹೊಂಗೆ ಮರದ ಕೆಳಗೆ ಇಬ್ಬರೇ.

"ನಿ... ನಿಮ್ಗೆ ಡಾಕ್ಟ್ರು ದ... ದನಿ ಇಷ್ಟ," ಅಂದ ಅವನು, ನೆಲ ನೋಡುತ್ತ. "ಅದು ಮು... ಮುಗೀತು."

"ಇಷ್ಟ ಇತ್ತು. ಆದ್ರೆ ಬೆಳಗಿಂದ ಏರಿ ಮೇಲೆ ನಿಂತು ದಾರಿ ನೋಡಿದ್ದು ಆ ದನಿಗಲ್ಲ."

ಅವನು ತಲೆಯೆತ್ತಿದ. ಕತ್ತಿನ ನರ ಉಬ್ಬಿತು.

"ಹೇ... ಹೇ..."

ಬಸ್ಸು ಬಂತು. ಗುಬ್ಬಿ, ಗುಬ್ಬಿ, ಹತ್ತೋರು ಬೇಗ ಅಂತ ಕಂಡಕ್ಟರ್ ಬಾಗಿಲು ಬಡಿದ. ಹೇಮಶ್ರೀ ಬೇಡ ಅಂತ ಕೈ ಬೀಸಿದಳು. ಧೂಳೆಬ್ಬಿಸಿಕೊಂಡು ಬಸ್ಸು ಹೋಯಿತು.

ಅವನು ಏನು ಹೇಳುತ್ತಾನೆ ಅಂತ ಅವಳಿಗೆ ಗೊತ್ತು. ಮಾತು ಅವಳ ನಾಲಿಗೆ ತುದಿಯಲ್ಲೇ ಇತ್ತು. ಗುಬ್ಬಿಯಲ್ಲಿ ಇಡೀ ತಾಲ್ಲೂಕಿನ ಮಾತು ಮುಗಿಸುವ ಹುಡುಗಿ ತುಟಿ ಕಚ್ಚಿ ಹಿಡಿದಳು. ಎರಡೂ ಕೈ ಸೆರಗಲ್ಲಿ ಸುತ್ತಿಕೊಂಡು, ಬಸ್ಸಿಗೆ ಕಾಯುವವಳ ಹಾಗೆ ನಿಂತಳು.

"ಹೇ... ಹೇಮಶ್ರೀ."

"ಹೂಂ."

"ನಂ... ನಂಗೆ ನೀ... ನೀವು..."

ಎಲೆಯೊಂದು ಉದುರಿತು. ಒಂದು ಟ್ರ್ಯಾಕ್ಟರ್ ದಾಟಿಹೋಯಿತು.

"...ಬೇಕು."

ಅವಳ ಕೆನ್ನೆ ಮೇಲೆ ನೀರಿಳಿಯಿತು. ಅವನು ಗಾಬರಿಯಾಗಿ ಕೈ ಚಾಚಿದ. ಮತ್ತೇನೋ ಹೇಳಲು ಬಾಯಿ ತೆರೆದ.

"ಇ... ಇ... ಇನ್ನೂ ಇದೆ."

ಹೇಮಶ್ರೀ ಚಾಚಿದ ಆ ಕೈ ಹಿಡಿದುಕೊಂಡು ಮರದ ಬುಡದ ಕಟ್ಟೆ ಮೇಲೆ ಕೂತಳು.

"ಹೇಳಿ. ಅವಸರ ಇಲ್ಲ, ನಾನಿಲ್ಲೇ ಇದೀನಿ."